ಮೊಮ್ಮಗಳ ಕಾಲೇಜಿನಲ್ಲಿ ಹತ್ತು ದಿನ

ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ತಪಾಸಣೆಯ ಚೌಕಟ್ಟನ್ನು ದಾಟಿದ ಕೂಡಲೇ ಅದು ‘ಕುಂಯ್’ ಎಂದಿತು. ಬಳೆ ತೆಗೆದಿಟ್ಟು ಬಂದೆ. ಮತ್ತೆ ‘ಕುಂಯ್’. ಸೆರಗಿನ ಪಿನ್ನು, ನೆರಿಗೆಯ ಪಿನ್ನು, ಕೂದಲ ಪಿನ್ನು ಎಲ್ಲವನ್ನೂ ತೆಗೆದು ತಟ್ಟೆಗೆ ಹಾಕಿದೆ. ಆದರೂ ಅದು ಬಿಡಲಿಲ್ಲ. ಖಾಕಿ ತೊಟ್ಟ ಹುಡುಗಿಯೊಬ್ಬಳು ಕೈಯಲ್ಲಿದ್ದ ಯಂತ್ರವನ್ನು ನನ್ನ ತಲೆಯಿಂದ ಕೆಳಕ್ಕೆ ಆಡಿಸುತ್ತ ಬಂದಳು. ಬಲ ಮಂಡಿಯ ಹತ್ತಿರ ಅದು ಕಳ್ಳ ಸಿಕ್ಕಿದ ಹಾಗೆ ಕೂಗಿಕೊಂಡಿತು.

“ಮಂಡಿ ಆಪರೇಷನ್ ಆಗಿದೆಯಾ ಅಜ್ಜಿ?”

“ಹೂನಮ್ಮ, ಎರಡು ವರ್ಷ ಆಯ್ತು.”

“ನಮ್ಮಮ್ಮಂಗೂ ಮಾಡಿಸ್ಬೇಕು ಅಂತಿದಾರೆ. ಈಗ ನೋವು ಇಲ್ವಾ?”

ಹಿಂದೆ ನಿಂತವರು ಗೊಣಗುವಷ್ಟು ಹೊತ್ತು ನಾವಿಬ್ಬರೂ ಮಂಡಿಯ ವಿಚಾರ ಮಾತಾಡಿದೆವು.

ಮಂಡಿಯಿಂದಲೇ ಕಥೆ ಶುರುಮಾಡಲು ಕಾರಣವಿದೆ. ಆಪರೇಷನ್ ಆದ ಹೊಸದರಲ್ಲಿ ಅಮೆರಿಕದಿಂದ ಮೊಮ್ಮಗಳು ವಿಡಿಯೊ ಕಾಲ್ ಮಾಡಿ, “ಅಜ್ಜಿ, ನಿನ್ನ ಹೊಸ ಮಂಡಿ ಮಾಡಿದ್ದು ಯಾರು?” ಎಂದು ಕೇಳಿದ್ದಳು. ನಾನು ಡಾಕ್ಟರ ಹೆಸರು ಹೇಳಿದೆ. “ಅವರು ಕೂರಿಸಿದ್ದು ಅಜ್ಜಿ. ಮಾಡಿದ್ದು ಯಾರು?” ನನಗೆ ಉತ್ತರ ಹೊಳೆಯಲಿಲ್ಲ. ಅರಸೀಕೆರೆಯಲ್ಲಿ ಮೂವತ್ತು ವರ್ಷ ರವಿಕೆ ಹೊಲಿದವಳು ನಾನು. ಬಟ್ಟೆ ನೇಯ್ದವರು ಬೇರೆ, ಹೊಲಿದವರು ಬೇರೆ, ತೊಟ್ಟವರು ಬೇರೆ ಎಂಬುದು ಚೆನ್ನಾಗಿ ಗೊತ್ತು. ಆದರೆ ನನ್ನ ಮೈಯೊಳಗೇ ಕೂತಿರುವ ವಸ್ತುವನ್ನು ಯಾರೋ ಒಬ್ಬರು ಲೆಕ್ಕ ಹಾಕಿ, ಅಳತೆ ಹಿಡಿದು ಮಾಡಿರಬೇಕು ಎಂದು ಯೋಚನೆಯೇ ಬಂದಿರಲಿಲ್ಲ. “ಅಂಥದ್ದನ್ನ ಮಾಡೋದನ್ನೇ ನಾನು ಓದ್ತಿರೋದು. ಬಯೋಎಂಜಿನಿಯರಿಂಗ್,” ಎಂದಳು.

ಆ ಹೆಸರು ನನ್ನ ನಾಲಿಗೆಯ ಮೇಲೆ ನಿಲ್ಲಲಿಲ್ಲ. ಬೀದಿಯಲ್ಲಿ ಯಾರಾದರೂ ಕೇಳಿದರೆ ‘ಡಾಕ್ಟರ್ ಓದ್ತಿದಾಳೆ’ ಎಂದುಬಿಡುತ್ತಿದ್ದೆ. ಕೇಳಿದವರಿಗೂ ಸಮಾಧಾನ, ನನಗೂ ಸಲೀಸು.

ಮಗನ ಮನೆ ಇರುವುದು ಸ್ಯಾನ್ ಫ್ರಾನ್ಸಿಸ್ಕೊ ಕಡೆಯ ಫ್ರೀಮಾಂಟ್‌ನಲ್ಲಿ. ಮೊಮ್ಮಗಳು ಪುಟ್ಟಿ ಓದುತ್ತಿರುವುದು ಅದೇ ರಾಜ್ಯದ ದಕ್ಷಿಣದ ಕೊನೆಯಲ್ಲಿರುವ ಸ್ಯಾನ್ ಡಿಯಾಗೋದಲ್ಲಿ, ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ. ಮೂರನೆಯ ವರ್ಷ. ಮೇ ತಿಂಗಳಲ್ಲಿ ಹತ್ತು ದಿನ ಅವಳ ಜೊತೆ ಇದ್ದು ಬರುವುದೆಂದಾಯಿತು. ಹೊರಡುವ ಹಿಂದಿನ ರಾತ್ರಿ ಮಗ ನನ್ನ ಕೋಣೆಗೆ ಬಂದು ಮಂಚದ ತುದಿಯಲ್ಲಿ ಕೂತ. “ಅಮ್ಮಾ, ನಿನ್ನ ಮಾತು ಅವಳು ಕೇಳ್ತಾಳೆ. ಇದು ಮುಗಿದ ಮೇಲೆ ಮೆಡಿಕಲ್‌ಗೆ ಹೋಗು ಅಂತ ಮೆತ್ತಗೆ ಹೇಳಿ ನೋಡು.” ಅಲ್ಲಿ ಪಿಯುಸಿ ಮುಗಿಸಿ ನೇರ ಮೆಡಿಕಲ್ ಸೇರುವ ಪದ್ಧತಿ ಇಲ್ಲವಂತೆ. ಮೊದಲು ಯಾವುದಾದರೂ ನಾಲ್ಕು ವರ್ಷದ ಡಿಗ್ರಿ, ಆಮೇಲೆ ಡಾಕ್ಟರಿಕೆ. ನಾನು ಹೂಂ ಎಂದೆ. ನನ್ನ ಆಸೆಯೂ ಅದೇ ಇತ್ತಲ್ಲ!

ಒಂದೂವರೆ ಗಂಟೆಯ ವಿಮಾನ. ಇಳಿದ ಮೇಲೆ ಬಸ್ಸಿನಲ್ಲಿ ಓಲ್ಡ್ ಟೌನ್ ಎಂಬಲ್ಲಿಗೆ ಹೋಗಿ, ಅಲ್ಲಿಂದ ಟ್ರಾಲಿ ಎಂದು ಅವರು ಕರೆಯುವ ಊರ ರೈಲು ಹತ್ತಿದೆವು. ಆ ರೈಲಿನ ಒಂದು ತುದಿ ಮೆಕ್ಸಿಕೊ ದೇಶದ ಗಡಿಯಲ್ಲಿದೆ. ಅಲ್ಲಿಂದ ಹೊರಟು ಊರನ್ನೆಲ್ಲ ದಾಟಿ ಕಾಲೇಜಿನ ಅಂಗಳಕ್ಕೇ ಬಂದು ನಿಲ್ಲುತ್ತದೆ. 2021ರ ನವೆಂಬರಿನಲ್ಲಿ ಇಲ್ಲಿಯವರೆಗೆ ಹಳಿ ಬಂದದ್ದಂತೆ. ಈ ಭಾಗಕ್ಕೆ ಲಾ ಹೋಯಾ ಎಂದು ಹೆಸರು. ಬೋರ್ಡಿನಲ್ಲಿ ಓದಿಕೊಂಡು ‘ಲಾ ಜೊಲ್ಲಾ’ ಎಂದೆ. ಪುಟ್ಟಿ ರೈಲಿನಲ್ಲೇ ನಕ್ಕುಬಿಟ್ಟಳು.

ರೈಲಿಳಿದರೆ ಮೊದಲು ಮೂಗಿಗೆ ಬಂದದ್ದು ನೀಲಗಿರಿ ಎಣ್ಣೆಯ ವಾಸನೆ. ಕಾಲೇಜಿನ ನಡುವೆಯೇ ಸಾಲು ಸಾಲು ನೀಲಗಿರಿ ಮರಗಳು! ಅವೂ ನಮ್ಮೂರಿನವುಗಳ ಹಾಗೆಯೇ ಆಸ್ಟ್ರೇಲಿಯಾ ಮೂಲದವು. ಇನ್ನೊಂದು ಕಡೆ ಜಕರಂಡ ಮರಗಳು ಹೂ ಬಿಡುತ್ತಿದ್ದವು, ಬೆಂಗಳೂರಿನ ರಸ್ತೆಗಳಲ್ಲಿ ಬಿಡುವ ಅದೇ ನೇರಳೆ ಹೂ. ಅದು ದಕ್ಷಿಣ ಅಮೆರಿಕದ್ದು. ಇಲ್ಲಿಯದೇ ಸ್ವಂತ ಮರ ಯಾವುದು ಎಂದು ಕೇಳಿದೆ. ಟೊರಿ ಪೈನ್ ಎಂಬ ಮರವನ್ನು ತೋರಿಸಿದಳು. ಜಗತ್ತಿನಲ್ಲಿ ಈ ಕರಾವಳಿಯ ತುಂಡಿನಲ್ಲಿ ಮತ್ತು ಇದೇ ರಾಜ್ಯದ ಒಂದು ದ್ವೀಪದಲ್ಲಿ ಬಿಟ್ಟರೆ ಅದು ಸಹಜವಾಗಿ ಬೆಳೆಯುವುದು ಬೇರೆಲ್ಲೂ ಇಲ್ಲವಂತೆ.

ಮಕ್ಕಳು ನೋಡಬೇಕಾದದ್ದು ಇಲ್ಲಿಯ ಗ್ರಂಥಾಲಯ. ಕೆಳಗೆ ಸಣ್ಣ, ಮೇಲೆ ಹೋದ ಹಾಗೆ ಅಗಲ, ಮತ್ತೆ ಸಣ್ಣ. ಗಾಜಿನ ಬೃಹತ್ ಬುಗುರಿಯನ್ನು ಕಾಂಕ್ರೀಟಿನ ತೋಳುಗಳು ಎತ್ತಿ ಹಿಡಿದ ಹಾಗೆ. ಕಟ್ಟಿದ್ದು 1970ರಲ್ಲಿ. ಇದಕ್ಕೆ ಗೈಸಲ್ ಗ್ರಂಥಾಲಯ ಎಂದು ಹೆಸರು. ಥಿಯೊಡೊರ್ ಗೈಸಲ್ ಎಂದರೆ ಯಾರಿಗೂ ಗೊತ್ತಾಗಲಿಕ್ಕಿಲ್ಲ, ‘ಡಾಕ್ಟರ್ ಸ್ಯೂಸ್’ ಎಂದರೆ ಇಂಗ್ಲಿಷ್ ಶಾಲೆಯ ಮಕ್ಕಳಿಗೆ ಗೊತ್ತು. ಉದ್ದ ಟೋಪಿಯ ಬೆಕ್ಕಿನ ಕಥೆ ಬರೆದು ಚಿತ್ರವನ್ನೂ ಬಿಡಿಸಿದವರು. ಅವರ ಮನೆ ಇದೇ ಲಾ ಹೋಯಾದಲ್ಲಿತ್ತು. ಗ್ರಂಥಾಲಯದ ಹೊರಗೆ ಅವರು ಮೇಜಿನ ಮುಂದೆ ಕೂತಿದ್ದಾರೆ, ಹಿಂದೆ ಬೆಕ್ಕು ನಿಂತಿದೆ, ಇಬ್ಬರೂ ಕಂಚಿನವರು. ಈ ಕಟ್ಟಡದಲ್ಲಿ ಲಿಫ್ಟ್ ಹತ್ತಿದರೆ ಎರಡನೆಯ ಮಹಡಿ ಆದ ಮೇಲೆ ನೇರ ನಾಲ್ಕನೆಯದು. ಮೂರನೆಯದು ಎಲ್ಲಿ ಹೋಯಿತು ಎಂಬುದಕ್ಕೆ ಹುಡುಗರ ಬಳಿ ಹತ್ತಾರು ಕಥೆಗಳಿವೆ. ಮೂರನೆಯದು ಗೋಡೆಯಿಲ್ಲದ ಬಯಲು ಜಗುಲಿ, ಅಷ್ಟೇ. ಗ್ರಂಥಾಲಯಕ್ಕೆ ಹತ್ತುವ ದಾರಿ 560 ಅಡಿ ಉದ್ದದ ಹಾವು. ಬಣ್ಣದ ಕಲ್ಲಿನ ಚೂರುಗಳೇ ಅದರ ಹುರುಪೆ. ಬಾಲದಿಂದ ತಲೆಯವರೆಗೆ ನಾನು ಹೊಸ ಮಂಡಿಯಲ್ಲಿ ನಡೆದೆ.

ಪುಟ್ಟಿ ಇನ್ನೂ ಮೂವರು ಹುಡುಗಿಯರ ಜೊತೆ ಬಾಡಿಗೆ ಮನೆಯಲ್ಲಿದ್ದಳು. ತನ್ನ ಮಂಚ ನನಗೆ ಕೊಟ್ಟು ತಾನು ನೆಲದ ಮೇಲೆ ಮಲಗುತ್ತಿದ್ದಳು. ಊಟದ ಮೇಜಿನ ಮೇಲೆ ಊಟಕ್ಕೆ ಜಾಗವಿರಲಿಲ್ಲ. ತುಂಬ ವೈರು, ಪುಟ್ಟ ಪುಟ್ಟ ದೀಪ, ಒಂದು ಲ್ಯಾಪ್‌ಟಾಪು. ಇದೇ ಕೋರ್ಸಿನ ಕೊನೆಯ ವರ್ಷದ ಹುಡುಗಿಯೊಬ್ಬಳು ಅಲ್ಲಿ ಕೂತು ಏನೋ ಜೋಡಿಸುತ್ತಿದ್ದಳು. “ಅಜ್ಜಿ, ನಿಮ್ಮ ಬೆರಳು ಬೇಕಂತೆ,” ಎಂದು ಪುಟ್ಟಿ ಕನ್ನಡಕ್ಕೆ ತಂದಳು.

ಬೆರಳಿಗೆ ಸಿಕ್ಕಿಸಿದ್ದನ್ನು ನೋಡಿದೊಡನೆ ಗುರುತು ಸಿಕ್ಕಿತು. ಕೊರೋನ ಕಾಲದಲ್ಲಿ ಮನೆ ಮನೆಗೂ ಬಂದ ಆ ಕ್ಲಿಪ್ಪು, ಆಕ್ಸಿಮೀಟರು. ಇವಳು ಅದನ್ನು ಬಿಡಿ ಸಾಮಾನಿನಿಂದ ತಾನೇ ಕಟ್ಟಿದ್ದಳು. ನನ್ನ ಬೆರಳಿಗೆ ಹಾಕಿದರೆ ಅಂಕಿಯೇ ಬರಲಿಲ್ಲ! ಪುಟ್ಟಿ ನನ್ನ ಕೈ ಮುಟ್ಟಿ ನೋಡಿದಳು. ಸಮುದ್ರದ ಗಾಳಿಗೆ ಬೆರಳು ಮಂಜುಗಡ್ಡೆ. ತಣ್ಣಗಿರುವ ಬೆರಳಿಗೆ ರಕ್ತ ಸರಿಯಾಗಿ ಹರಿಯುವುದಿಲ್ಲ, ಹರಿಯದಿದ್ದರೆ ಯಂತ್ರಕ್ಕೆ ನಾಡಿ ಸಿಕ್ಕುವುದಿಲ್ಲ. ಊರಿಂದ ತಂದಿದ್ದ ಪುಡಿಯಲ್ಲಿ ಕಾಫಿ ಮಾಡಿ, ಬಿಸಿ ಲೋಟವನ್ನು ಐದು ನಿಮಿಷ ಹಿಡಿದುಕೊಂಡು ಕೂತೆ. ಆಮೇಲೆ 97 ಎಂದು ತೋರಿಸಿತು. ಹುಡುಗಿಯರು ಚಪ್ಪಾಳೆ ತಟ್ಟಿದರು, ನನ್ನ ಕಾಫಿಯನ್ನೂ ಕುಡಿದು ಖಾಲಿ ಮಾಡಿದರು.

ಅದರ ಒಳಗುಟ್ಟು ಇದು. ಕ್ಲಿಪ್ಪಿನಿಂದ ಎರಡು ಬೆಳಕು ಬೆರಳನ್ನು ಹಾದುಹೋಗುತ್ತವೆ. ಒಂದು ಕೆಂಪು, ಇನ್ನೊಂದು ಕಣ್ಣಿಗೆ ಕಾಣದ ಅವಕೆಂಪು. ಆಮ್ಲಜನಕ ತುಂಬಿದ ರಕ್ತ ಕೆಂಪು ಬೆಳಕನ್ನು ಹೆಚ್ಚಾಗಿ ಹೋಗಲು ಬಿಡುತ್ತದೆ, ಆಮ್ಲಜನಕ ಕಳೆದುಕೊಂಡ ರಕ್ತ ಅದನ್ನು ನುಂಗುತ್ತದೆ. ಅವಕೆಂಪಿನಲ್ಲಿ ಇದು ತಿರುಗುಮುರುಗು. ಎರಡನ್ನೂ ಹೋಲಿಸಿದರೆ ಲೆಕ್ಕ ಸಿಗುತ್ತದೆ. ಆದರೆ ಬೆರಳಿನಲ್ಲಿ ಚರ್ಮ, ಮೂಳೆ, ಮಾಂಸ ಎಲ್ಲ ಇವೆಯಲ್ಲ, ಅವೂ ಬೆಳಕು ನುಂಗುತ್ತವಲ್ಲ? ಜಪಾನಿನ ಎಂಜಿನಿಯರ್ ತಾಕುವೊ ಅಯೋಯಾಗಿ 1970ರ ದಶಕದ ಮೊದಲಲ್ಲಿ ಇದಕ್ಕೆ ಉಪಾಯ ಕಂಡರು. ಎದೆ ಬಡಿದಾಗಲೆಲ್ಲ ಏರಿಳಿಯುವ ಬೆಳಕನ್ನಷ್ಟೇ ಲೆಕ್ಕಕ್ಕೆ ಹಿಡಿ, ಅಲುಗದೆ ಇರುವುದನ್ನು ಬಿಟ್ಟುಬಿಡು! ಅವರು ತೀರಿಕೊಂಡದ್ದು 2020ರ ಏಪ್ರಿಲಿನಲ್ಲಿ, ಲೋಕವೆಲ್ಲ ಅವರ ಯಂತ್ರಕ್ಕೆ ಬೆರಳು ಕೊಟ್ಟು ಕೂತಿದ್ದ ಹೊತ್ತಿನಲ್ಲಿ.

ಆ ಹುಡುಗಿ ಕಟ್ಟುತ್ತಿದ್ದುದಕ್ಕೆ ಇನ್ನೂ ಒಂದು ಉದ್ದೇಶವಿತ್ತು. ಚರ್ಮದ ಬಣ್ಣ ಗಾಢವಾಗಿದ್ದರೆ ಈ ಯಂತ್ರ ಕೆಲವೊಮ್ಮೆ ಇರುವುದಕ್ಕಿಂತ ಹೆಚ್ಚು ತೋರಿಸುತ್ತದೆ. ಅಮೆರಿಕದ ಆಸ್ಪತ್ರೆಗಳ ದಾಖಲೆಗಳಿಂದ 2020ರಲ್ಲಿ ಇದು ದೊಡ್ಡ ಸುದ್ದಿಯಾಯಿತು. ಕಪ್ಪುವರ್ಣದ ರೋಗಿಗಳಲ್ಲಿ ಆಮ್ಲಜನಕ ಕಡಿಮೆಯಾಗಿದ್ದರೂ ಯಂತ್ರ ಸುಮ್ಮನಿದ್ದದ್ದು ಬಿಳಿಯರಿಗಿಂತ ಸುಮಾರು ಮೂರು ಪಟ್ಟು ಹೆಚ್ಚು. ಅದಕ್ಕೇ ಎಲ್ಲ ಬಣ್ಣದ ಬೆರಳೂ ಬೇಕಂತೆ. “ನಿಮ್ಮದು ಒಳ್ಳೆಯ ಬೆರಳು,” ಎಂದಳು. ಕಪ್ಪಗಿದ್ದೀನಿ ಎಂದು ಮದುವೆಯ ಮಾತುಕತೆಯಲ್ಲಿ ಮೂರು ಕಡೆಯವರು ಎದ್ದುಹೋಗಿದ್ದರು ನನ್ನನ್ನು. ಈ ಮಾತನ್ನು ಪುಟ್ಟಿ ಅವಳಿಗೆ ಇಂಗ್ಲಿಷಿನಲ್ಲಿ ಹೇಳಿದಳೋ ಇಲ್ಲವೋ ಗೊತ್ತಿಲ್ಲ.

ದಿನಾ ಅವಳು ಕ್ಲಾಸಿಗೆ ಹೋದಾಗ ನಾನು ಮರದ ಕೆಳಗಿನ ಬೆಂಚಿನಲ್ಲಿ ಕೂರುತ್ತಿದ್ದೆ. ಬೆಳಗಿನ ಹೊತ್ತು ಸಮುದ್ರದಿಂದ ಮೋಡ ಬಂದು ಮೇಲೆಲ್ಲ ಬೂದಿ ಬಣ್ಣ. ಮಧ್ಯಾಹ್ನಕ್ಕೆ ಬಿಸಿಲು. ಹುಡುಗ ಹುಡುಗಿಯರು ಗಾಲಿ ಹಲಗೆಯ ಮೇಲೆ ನಿಂತು ಸೊಂಯ್ ಎಂದು ಹೋಗುವರು. ಇಲ್ಲಿ ಹತ್ತು ವಾರಕ್ಕೊಂದು ಟರ್ಮು. ಪಾಠ ಶುರುವಾಯಿತು ಎನ್ನುವಷ್ಟರಲ್ಲಿ ಪರೀಕ್ಷೆ. ಮೊದಲೆರಡು ವರ್ಷ ಗಣಿತ, ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ, ಕಂಪ್ಯೂಟರು ಎಲ್ಲವೂ ಒಟ್ಟಿಗೆ. ಎಂಜಿನಿಯರಿಂಗ್ ಹುಡುಗರು ಬಿಟ್ಟ ಜೀವಶಾಸ್ತ್ರವೂ ಇವರಿಗೆ ಬೇಕು, ಡಾಕ್ಟರಿಕೆಯವರು ಬಿಟ್ಟ ಗಣಿತವೂ ಬೇಕು. ಕೊನೆಯ ವರ್ಷ ಏನಾದರೂ ಒಂದನ್ನು ಕೈಯಾರೆ ಮಾಡಿ ತೋರಿಸಬೇಕು. ನಮ್ಮಲ್ಲೂ ಈ ಕಡೆ ಒಲವಿರುವ ಮಕ್ಕಳಿಗೆ ದಾರಿಯಿದೆ. ಮಣಿಪಾಲದಲ್ಲಿ ಬಯೋಮೆಡಿಕಲ್ ಎಂಜಿನಿಯರಿಂಗ್ ಇದೆ, ಬೆಂಗಳೂರಿನ ಕೆಲವು ಕಾಲೇಜುಗಳಲ್ಲಿ ಮೆಡಿಕಲ್ ಎಲೆಕ್ಟ್ರಾನಿಕ್ಸ್, ಬಯೋಟೆಕ್ನಾಲಜಿ ಇವೆ. ಮುಂದೆ ಸಂಶೋಧನೆ ಮಾಡುವವರಿಗೆ ನಮ್ಮ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ ಇದಕ್ಕೆಂದೇ ವಿಭಾಗವಿದೆ.

ಐದನೆಯ ದಿನ ವಾಲಿದ ಮನೆ ನೋಡಲು ಹೋದೆವು. ಎಂಜಿನಿಯರಿಂಗ್ ಕಟ್ಟಡದ ಏಳನೆಯ ಮಹಡಿಯ ಅಂಚಿನಲ್ಲಿ ಒಂದು ಪುಟ್ಟ ನೀಲಿ ಮನೆ, ಸುಂಟರಗಾಳಿ ತಂದು ಎಸೆದ ಹಾಗೆ ಅರ್ಧ ಗಾಳಿಯಲ್ಲಿ ಚಾಚಿಕೊಂಡಿದೆ. ಕೊರಿಯಾದ ಕಲಾವಿದ ಡೊ ಹೊ ಸು 2012ರಲ್ಲಿ ಮಾಡಿದ್ದು. ಊರು ಬಿಟ್ಟು ಅಮೆರಿಕಕ್ಕೆ ಬಂದವನಿಗೆ ಹೇಗನ್ನಿಸುತ್ತದೆ ಎಂದು ತೋರಿಸಲು ಮಾಡಿದ್ದಂತೆ. ಒಳಗೆ ಹೋದರೆ ಸೋಫ, ಗೋಡೆಯ ಮೇಲೆ ಫೋಟೊಗಳು, ಎಲ್ಲ ನಮ್ಮ ನಿಮ್ಮ ಮನೆಯ ಹಾಗೆ. ಆದರೆ ನೆಲ ಒಂದು ಕಡೆ ವಾಲಿದೆ, ಗೋಡೆ ಇನ್ನೊಂದು ತರಹ ವಾಲಿದೆ. ಎರಡು ಹೆಜ್ಜೆ ಇಟ್ಟೊಡನೆ ನನಗೆ ತಲೆ ಗಿರ್ರ್ ಎಂದಿತು. ಪುಟ್ಟಿ ಹಿಡಿದುಕೊಂಡಳು. ಕಿವಿಯೊಳಗೆ ಮೂರು ಕಮಾನಿನಂಥ ಕೊಳವೆಗಳಿವೆ, ಅವುಗಳಲ್ಲಿ ನೀರಿನಂಥ ದ್ರವವಿದೆ, ಪಕ್ಕದಲ್ಲೇ ಭೂಮಿಯ ಸೆಳೆತ ತಿಳಿಯುವ ಪುಟ್ಟ ಚೀಲಗಳಿವೆ. ನೆಟ್ಟಗಿದ್ದೀಯೋ ವಾಲಿದ್ದೀಯೋ ಎಂದು ಮೆದುಳಿಗೆ ಅವು ಒಂದು ಮಾತು ಹೇಳುತ್ತವೆ, ಕಣ್ಣು ಇನ್ನೊಂದು ಹೇಳುತ್ತದೆ. ಎರಡೂ ತಾಳೆಯಾಗದಿದ್ದರೆ ತಲೆ ಸುತ್ತುತ್ತದೆ. “ನಂಗೆ ಈ ಮನೆ ಇಷ್ಟ ಅಜ್ಜಿ. ಈಗ ಕೆಲವು ದಿನದಿಂದ ಹೊರಗಿದ್ರೂ ಹೀಗೇ ಅನ್ಸುತ್ತೆ,” ಎಂದಳು. ನಗುತ್ತಲೇ ಹೇಳಿದ್ದರಿಂದ ನಾನು ಅಷ್ಟಾಗಿ ಗಮನ ಕೊಡಲಿಲ್ಲ. ಕೊಡಬೇಕಿತ್ತು.

ಮರುದಿನ ಸಂಜೆ ಸಮುದ್ರದ ಅಂಚಿಗೆ ನಡೆದೆವು. ದಾರಿಯಲ್ಲಿ ಸಾಲ್ಕ್ ಸಂಸ್ಥೆ, ಪೋಲಿಯೊ ಲಸಿಕೆ ಕಂಡುಹಿಡಿದ ಜೋನಸ್ ಸಾಲ್ಕ್ ಕಟ್ಟಿಸಿದ್ದು. ಅಹಮದಾಬಾದಿನ ಐಐಎಂ ಕಟ್ಟಡದ ನಕ್ಷೆ ಬರೆದ ಲೂಯಿ ಕಾನ್ ಅವರೇ ಇದರದ್ದೂ ಬರೆದವರು. ಎರಡು ಸಾಲು ಕಟ್ಟಡಗಳ ನಡುವೆ ಒಂದು ಸಣ್ಣ ಕಾಲುವೆ ನೇರ ಸಮುದ್ರಕ್ಕೇ ಹೋಗಿ ಬೀಳುವಂತೆ ಕಾಣುತ್ತದೆ. ಇನ್ನೂ ಸ್ವಲ್ಪ ಮುಂದೆ ನೆಲವೇ ಮುಗಿಯುತ್ತದೆ. ಸುಮಾರು 300 ಅಡಿ ಕೆಳಗೆ ಪೆಸಿಫಿಕ್ ಸಾಗರ. ಆ ಬಂಡೆಯಂಚಿನಿಂದ ಜನ ಬಟ್ಟೆಯ ರೆಕ್ಕೆ ಕಟ್ಟಿಕೊಂಡು ಹಾರುತ್ತಿದ್ದರು! ಸಮುದ್ರದ ಗಾಳಿ ಬಂಡೆಗೆ ಬಡಿದು ಮೇಲೇಳುತ್ತದಲ್ಲ, ಅದರ ಮೇಲೆ ಕೂತು ಹದ್ದಿನ ಹಾಗೆ ತೇಲುವುದು. ಎಂಜಿನ್ನು ಇಲ್ಲ, ಸದ್ದು ಇಲ್ಲ.

ಪುಟ್ಟಿ ದಾರಿಯಲ್ಲಿ ಇಬ್ಬರಿಗೂ ಒಂದು ವಿಚಿತ್ರ ಚಹಾ ಕೊಂಡಿದ್ದಳು. ತಣ್ಣನೆಯ ಹಾಲು ಚಹಾ, ಅದರೊಳಗೆ ಮರಗೆಣಸಿನ ಹಿಟ್ಟಿನ ಕಪ್ಪು ಉಂಡೆಗಳು, ನಮ್ಮ ಸಾಬಕ್ಕಿಯ ದೊಡ್ಡಣ್ಣ ಎನ್ನಿ. ಉಂಡೆ ಮೇಲೆ ಬರಲೆಂದು ಹೆಬ್ಬೆರಳು ಗಾತ್ರದ ಕೊಳವೆ ಕೊಡುತ್ತಾರೆ. ನನ್ನ ಕೊಳವೆಯನ್ನೇ ನೋಡುತ್ತ ಅವಳು ಇದ್ದಕ್ಕಿದ್ದಂತೆ, “ಅಜ್ಜಿ, ಈ ಕೊಳವೆಯ ಅಗಲ ಅರ್ಧ ಆದ್ರೆ, ಅಷ್ಟೇ ಜೋರಾಗಿ ಎಳೆದ್ರೆ ಎಷ್ಟು ಚಹಾ ಬರುತ್ತೆ?” ಎಂದಳು.

“ಅರ್ಧ.”

“ಅಲ್ಲ. 16ರಲ್ಲಿ ಒಂದು ಪಾಲು.”

ಪ್ವಾಸೆಯಿ ಎಂಬ ಫ್ರಾನ್ಸಿನ ವೈದ್ಯರು 19ನೆಯ ಶತಮಾನದಲ್ಲಿ ಕಂಡುಕೊಂಡದ್ದು. ರಕ್ತ ಹೇಗೆ ಹರಿಯುತ್ತದೆ ಎಂದು ತಿಳಿಯಲು ಅವರು ಕೂದಲೆಳೆಯಂಥ ಗಾಜಿನ ನಳಿಗೆಗಳಲ್ಲಿ ನೀರು ಹರಿಸಿ ಅಳೆದರು. ರಕ್ತನಾಳ ಸ್ವಲ್ಪ ಕಿರಿದಾದರೂ ಹೃದಯಕ್ಕೆ ಯಾಕೆ ಅಷ್ಟು ಕಷ್ಟ ಎಂದು ನನಗೆ ಆಗ ಅರ್ಥವಾಯಿತು. ನಮ್ಮೆಜಮಾನರಿಗೆ ಸ್ಟೆಂಟ್ ಹಾಕಿದಾಗ ಯಾರೂ ಇಷ್ಟು ಸಲೀಸಾಗಿ ಹೇಳಿರಲಿಲ್ಲ.

“ಎಷ್ಟು ಚೆನ್ನಾಗಿ ಹೇಳ್ತೀಯೇ!” ಎಂದೆ.

“ಈ ಪಾಠದಲ್ಲೇ ನಾನು ಫೇಲಾಗಿದ್ದು ಅಜ್ಜಿ,” ಎಂದಳು.

ಆಮೇಲೆ ಎಲ್ಲವೂ ಬಂತು. ಜನವರಿಯ ಟರ್ಮಿನಲ್ಲಿ ದ್ರವ ಹರಿಯುವ ಲೆಕ್ಕದ ಪಾಠದಲ್ಲಿ ಹೋಗಿದೆ. ಮಾತಿನಲ್ಲಿ ಹೇಳಲು ಬರುತ್ತದೆ, ಸಮೀಕರಣ ಬರೆದು ಬಿಡಿಸುವಾಗ ಕೈ ನಿಂತುಬಿಡುತ್ತದೆ. ಆ ಪಾಠ ವರ್ಷಕ್ಕೆ ಒಂದೇ ಸಲ, ಮತ್ತೆ ಬರುವುದು ಮುಂದಿನ ಜನವರಿಗೆ. ಅದರ ಮೇಲೆ ನಿಂತ ಬೇರೆ ಪಾಠಗಳೂ ಹಿಂದೆ ಬೀಳುತ್ತವೆ. ಒಂದು ವರ್ಷ ಹೆಚ್ಚಾಗಬಹುದು, ಒಂದು ವರ್ಷದ ಫೀಸೂ. ಅಪ್ಪನಿಗೆ ಹೇಳಿಲ್ಲ. ಸುಲಭವಾದ ಬೇರೆ ವಿಷಯಕ್ಕೆ ಬದಲಾಯಿಸಿಕೊಂಡುಬಿಡುವ ಅರ್ಜಿ ಲ್ಯಾಪ್‌ಟಾಪಿನಲ್ಲಿ ತುಂಬಿ ಇಟ್ಟಿದ್ದಾಳೆ, ಕಳಿಸುವುದೊಂದು ಬಾಕಿ. “ನೀನು ಡಾಕ್ಟರ್ ಆಗು ಅಂತ ಹೇಳೋಕೆ ಬಂದಿದೀಯ ಅಂತ ಗೊತ್ತು ಅಜ್ಜಿ. ನಂಗೆ ಇದೇ ಆಗ್ತಿಲ್ಲ.”

ನನಗೆ ಏನು ಹೇಳಲೂ ತೋಚಲಿಲ್ಲ. ಕೈಯಲ್ಲಿದ್ದ ಚಹಾ ಕುಡಿದೆ. ರೆಕ್ಕೆಯವನೊಬ್ಬ ನಮ್ಮ ತಲೆಯ ಮೇಲೇ ಹಾದುಹೋದ. ಅವನ ರೆಕ್ಕೆಯ ಅಂಚು ಪಟಪಟ ಬಡಿಯುತ್ತಿತ್ತು, ಮಾಳಿಗೆಯ ಮೇಲೆ ಒಣಹಾಕಿದ ಸೀರೆಯ ಹಾಗೆ. ಹಾಗೆಂದು ಹೇಳಿದೆ, ಮಾತು ಬದಲಿಸಲು. ಅವಳು ಕಣ್ಣೊರೆಸಿಕೊಂಡು, “ನಮ್ಮ ವಿಭಾಗ ಶುರು ಮಾಡಿದವರ ಕೆಲಸಾನೂ ಅದೇ ಆಗಿತ್ತು ಗೊತ್ತಾ?” ಎಂದಳು.

ಅವರ ಹೆಸರು ಫಂಗ್, ವೈ.ಸಿ. ಫಂಗ್. ಚೀನಾದಲ್ಲಿ 1919ರಲ್ಲಿ ಹುಟ್ಟಿ ಅಮೆರಿಕಕ್ಕೆ ಓದಲು ಬಂದವರು. ವಿಮಾನದ ಎಂಜಿನಿಯರು. ಗಾಳಿಯ ವೇಗ ಒಂದು ಮಿತಿ ದಾಟಿದರೆ ವಿಮಾನದ ರೆಕ್ಕೆ ತಾನಾಗಿ ಅದುರತೊಡಗುತ್ತದೆ, ಅದುರಿ ಅದುರಿ ಮುರಿದೂ ಹೋಗಬಹುದು. ಅದು ಹಾಗಾಗದಂತೆ ಲೆಕ್ಕ ಹಾಕುವುದರಲ್ಲಿ ಅವರು ನಿಸ್ಸೀಮರು, ಅದರ ಮೇಲೆ ದೊಡ್ಡ ಪುಸ್ತಕ ಬರೆದಿದ್ದರು. 1950ರ ದಶಕದ ಕೊನೆಯಲ್ಲಿ ಒಂದು ವರ್ಷ ಜರ್ಮನಿಯಲ್ಲಿದ್ದಾಗ, ಚೀನಾದಲ್ಲಿದ್ದ ಅವರ ತಾಯಿಗೆ ಗ್ಲಾಕೋಮ ಬಂತು. ಕಣ್ಣಿನೊಳಗಿನ ದ್ರವದ ಒತ್ತಡ ಏರಿ ದೃಷ್ಟಿ ಹೋಗುವ ಕಾಯಿಲೆ. ಮಗ ಹೋಗುವಂತಿರಲಿಲ್ಲ. ಅವರು ಗ್ರಂಥಾಲಯದಲ್ಲಿ ಕೂತು ಆ ಕಾಯಿಲೆಯ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದರು. ಓದಿದ್ದರ ಸಾರವನ್ನು ಚೀನೀ ಭಾಷೆಗೆ ತಿರುಗಿಸಿ ತಾಯಿಯನ್ನು ನೋಡುತ್ತಿದ್ದ ಡಾಕ್ಟರಿಗೆ ಕಳಿಸುತ್ತಿದ್ದರು. ಓದುತ್ತ ಓದುತ್ತ ಕಂಡದ್ದು ಏನೆಂದರೆ, ದೇಹದೊಳಗಿನ ಹರಿವು, ಒತ್ತಡ, ಎಳೆತ ಇವುಗಳ ಲೆಕ್ಕವನ್ನು ಎಂಜಿನಿಯರುಗಳ ಕಣ್ಣಿನಿಂದ ನೋಡಿದವರು ತೀರ ಕಡಿಮೆ. 1966ರಲ್ಲಿ, ಸುಮಾರು 47ನೆಯ ವಯಸ್ಸಿನಲ್ಲಿ, ಹೆಸರು ಮಾಡಿದ್ದ ವಿಮಾನದ ಕೆಲಸವನ್ನು ಬಿಟ್ಟು ಇಲ್ಲಿಗೆ ಬಂದರು. ಬೆಂಜಮಿನ್ ಜ್ವೈಫಾಕ್, ಮಾರ್ಕೋಸ್ ಇಂಟಾಲಿಯೆಟ್ಟಾ ಎಂಬ ಇಬ್ಬರ ಜೊತೆ ಸೇರಿ ಈ ಓದನ್ನು ಆರಂಭಿಸಿದರು. ನೂರು ವರ್ಷ ತುಂಬಿಸಿ 2019ರ ಡಿಸೆಂಬರಿನಲ್ಲಿ ತೀರಿಕೊಂಡರು.

“ಕಿವಿ ಎಳ್ಕೋ ಅಜ್ಜಿ,” ಎಂದಳು. ಮಕ್ಕಳೇ, ನೀವೂ ನಿಮ್ಮ ಕಿವಿಯ ಹಾಲೆಯನ್ನು ಮೆಲ್ಲಗೆ ಎಳೆದು ನೋಡಿ. ಮೊದಲು ಸುಲಭವಾಗಿ ಬರುತ್ತದೆ, ಆಮೇಲೆ ಸಾಕು ಎಂದು ಗಟ್ಟಿಯಾಗಿ ನಿಲ್ಲುತ್ತದೆ. ಕಬ್ಬಿಣದ ತಂತಿ ಹೀಗೆ ಮಾಡುವುದಿಲ್ಲ. ಅದಕ್ಕೆ ಎಳೆದಷ್ಟಕ್ಕೆ ತಕ್ಕ ಲೆಕ್ಕ. ಚರ್ಮ, ರಕ್ತನಾಳ, ಶ್ವಾಸಕೋಶ ಇವುಗಳಿಗೆ ಬೇರೆಯದೇ ಲೆಕ್ಕ ಬೇಕು. ಅದನ್ನು ಬರೆದುಕೊಟ್ಟವರು ಫಂಗ್. ಇನ್ನೂ ಒಂದು ಸೋಜಿಗ ಅವರು ತೋರಿಸಿದರು. ರಕ್ತನಾಳದ ಒಂದು ಉಂಗುರವನ್ನು ಕತ್ತರಿಸಿ ತೆಗೆದು, ಅದರ ಒಂದು ಬದಿಗೆ ಕತ್ತರಿ ಹಾಕಿದರೆ ಅದು ತಾನಾಗಿ ಬಿಚ್ಚಿಕೊಂಡು ಇಂಗ್ಲಿಷಿನ ‘ಸಿ’ ಅಕ್ಷರದಂತೆ ಅರಳುತ್ತದೆ. ಒಳಗೆ ರಕ್ತವಿಲ್ಲದಿದ್ದರೂ ಆ ಗೋಡೆ ಬಿಗಿ ಹಿಡಿದುಕೊಂಡೇ ಇತ್ತು ಎಂದು ಅರ್ಥ. ಆ ಬಿಗಿಯಿಂದಲೇ ರಕ್ತ ನುಗ್ಗಿದಾಗ ಭಾರ ಒಳಪದರಕ್ಕೆ ಮಾತ್ರ ಬೀಳದೆ ಇಡೀ ಗೋಡೆಗೆ ಹಂಚಿಹೋಗುತ್ತದೆ. ಬಿಪಿ ಏರಿದರೆ ಗೋಡೆ ತಾನೇ ದಪ್ಪವಾಗುತ್ತದೆ. ಸೇತುವೆ ಹಾಗೆ ಮಾಡುತ್ತದೆಯೇ?

ಇದು ನನಗೆ ಹೊಸದಲ್ಲ ಎನ್ನಿಸಿತು. ರಾತ್ರಿ ಅವಳ ಒಂದು ಹಳೆಯ ಹತ್ತಿ ದುಪಟ್ಟ ತೆಗೆದುಕೊಂಡು ತೋರಿಸಿದೆ. ಉದ್ದ ಎಳೆಯ ಕಡೆ ಎಳೆ, ಬಗ್ಗುವುದಿಲ್ಲ. ಅಡ್ಡ ಎಳೆಯ ಕಡೆ ಎಳೆ, ಸ್ವಲ್ಪ ಬರುತ್ತದೆ. ಮೂಲೆಯಿಂದ ಮೂಲೆಗೆ ಎಳೆ, ಹಿಗ್ಗುತ್ತದೆ, ಆಮೇಲೆ ನಿಲ್ಲುತ್ತದೆ. ಕ್ರಾಸ್ ಕಟಿಂಗ್ ರವಿಕೆ ಮೈಗೆ ಕೂರುವುದು ಅದಕ್ಕೇ. ಬಟ್ಟೆಯ ಗುಣ ಗೊತ್ತಿಲ್ಲದೆ ಅಳತೆ ಎಷ್ಟು ಸರಿ ಹಿಡಿದರೂ ರವಿಕೆ ಕೆಡುತ್ತದೆ. ಪುಟ್ಟಿ ದುಪಟ್ಟವನ್ನು ಎಳೆದು ಎಳೆದು ನೋಡಿದಳು. ಕೋಣೆಯ ಆ ಹುಡುಗಿಯನ್ನೂ ಕರೆದಳು. ಅವಳಿಗೆ ಡೆಬೇಕಿ ಎಂಬ ಡಾಕ್ಟರ ಕಥೆ ನೆನಪಾಯಿತು.

ಮೈಕೆಲ್ ಡೆಬೇಕಿ ಹ್ಯೂಸ್ಟನ್ನಿನ ದೊಡ್ಡ ಶಸ್ತ್ರವೈದ್ಯರು. ಕೆಟ್ಟುಹೋದ ದೊಡ್ಡ ರಕ್ತನಾಳದ ಬದಲಿಗೆ ಬಟ್ಟೆಯ ನಾಳ ಕೂರಿಸಬಹುದೇ ಎಂದು 1950ರ ದಶಕದ ಮೊದಲಲ್ಲಿ ಅವರು ಯೋಚಿಸಿದರು. ಅಂಗಡಿಗೆ ಹೋಗಿ ನೈಲಾನ್ ಕೇಳಿದರೆ ಮುಗಿದುಹೋಗಿತ್ತು, ಹೊಸದಾಗಿ ಬಂದ ಡೇಕ್ರಾನ್ ಇದೆ ಎಂದರು. ಡೇಕ್ರಾನ್ ಎಂದರೆ ನಮ್ಮ ಪಾಲಿಯೆಸ್ಟರೇ! ತಂದು ಹೆಂಡತಿಯ ಹೊಲಿಗೆ ಯಂತ್ರದಲ್ಲಿ ತಾವೇ ಕೊಳವೆಯಾಗಿ ಹೊಲಿದರು. ಹೊಲಿಗೆಯನ್ನು ಚಿಕ್ಕಂದಿನಲ್ಲಿ ಅವರಿಗೆ ಕಲಿಸಿದ್ದು ತಾಯಿ. 1954ರ ಹೊತ್ತಿಗೆ ಅದು ಮನುಷ್ಯರ ಮೈಯೊಳಗೆ ಕೂತಿತು. ಬಟ್ಟೆಯ ಸಂದುಗಳಲ್ಲಿ ದೇಹದ ಜೀವಕೋಶಗಳು ಬೇರೂರಿ ಅದನ್ನು ತಮ್ಮದಾಗಿಸಿಕೊಳ್ಳುತ್ತವೆ. ಆಮೇಲೆ ನೆಯ್ಗೆ ಬಲ್ಲ ಎಂಜಿನಿಯರರ ಜೊತೆ ಸೇರಿ ಒಳ್ಳೆಯ ನಾಳಗಳನ್ನು ಹೆಣೆಯುವ ಯಂತ್ರ ಮಾಡಿದರು. 2005ರ ಕೊನೆಯಲ್ಲಿ, 97ನೆಯ ವಯಸ್ಸಿನಲ್ಲಿ ಡೆಬೇಕಿಯವರದೇ ಮಹಾಪಧಮನಿ ಸೀಳಿತು. ಅದನ್ನು ಸರಿಮಾಡಿದ್ದೂ ಡೇಕ್ರಾನ್ ನಾಳದಿಂದಲೇ. ಮತ್ತೆ ಎರಡು ವರ್ಷ ಬದುಕಿದ್ದರು.

ನಾನು ಎಷ್ಟು ಪಾಲಿಯೆಸ್ಟರ್ ಲಂಗ ಹೊಲಿದಿಲ್ಲ!

ಎಂಟನೆಯ ದಿನ ಪುಟ್ಟಿಗೆ ಹೇಳಿದೆ: ಅರ್ಜಿ ಕಳಿಸುವುದಾದರೆ ಕಳಿಸು, ಆದರೆ ಅಪ್ಪನಿಗೆ ಹೇಳಿ ಕಳಿಸು, ನಾನು ಪಕ್ಕದಲ್ಲಿ ಕೂತಿರ್ತೀನಿ. ಮೂರು ಸಲ ಫೋನು ಕೈಗೆ ತೆಗೆದುಕೊಂಡು ಕೆಳಗಿಟ್ಟಳು. ನಾಲ್ಕನೆಯ ಸಲ ಕರೆ ಮಾಡಿದಳು. ಎಲ್ಲ ಹೇಳಿದಳು. ಮಗ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, “ನಿನ್ನ ಅಜ್ಜಿ ಏನಂತಾಳೆ?” ಎಂದ.

“ಅಜ್ಜಿ ಅಂತಾಳೆ, ನಿನ್ನ ಎಂಜಿನಿಯರಿಂಗ್ ಮೂರನೇ ಸೆಮಿಸ್ಟರಿನ ಮ್ಯಾಥ್ಸು ಎರಡು ಸಲ ಬ್ಯಾಕ್ ಆಗಿತ್ತು ಅಂತ,” ಎಂದೆ ನಾನು ಪಕ್ಕದಿಂದ. “ಎರಡನೇ ಸಲ ಫೀಸು ಕಟ್ಟೋಕೆ ಗೌರಿ ಹಬ್ಬದ ಹಿಂದಿನ ರಾತ್ರಿ ಹನ್ನೊಂದು ರವಿಕೆ ಹೊಲ್ದಿದ್ದೆ.”

ಪುಟ್ಟಿ ಬಾಯಿ ತೆರೆದು ನನ್ನನ್ನೇ ನೋಡಿದಳು. ಅವಳಿಗೆ ಗೊತ್ತೇ ಇರಲಿಲ್ಲ. ಫೋನಿನ ಆ ಕಡೆ ಸೊಸೆ ನಗುವುದು ಕೇಳಿಸಿತು. ಮಗ, “ಅಮ್ಮಾ, ಅದೆಲ್ಲ ಈಗ ಯಾಕೆ,” ಎಂದ. ಸ್ವಲ್ಪ ಹೊತ್ತು ಬಿಟ್ಟು, “ಜನವರಿಯವರೆಗೆ ಅದೊಂದು ಪಾಠಕ್ಕೆ ಟ್ಯೂಷನ್ ಏನಾದ್ರೂ ಸಿಗುತ್ತಾ ನೋಡು,” ಎಂದು ಮಗಳಿಗೆ ಹೇಳಿದ. ಮೆಡಿಕಲ್ ಮಾತು ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಅರ್ಜಿ ಏನಾಯಿತು ಎಂದು ನಾನು ಕೇಳಲಿಲ್ಲ. ಹೊರಡುವ ದಿನ ಬೆಳಿಗ್ಗೆ ಅವಳು ಲ್ಯಾಪ್‌ಟಾಪಿನ ಮುಂದೆ ಕೂತು ಏನೋ ಅಳಿಸಿದ್ದನ್ನು ನೋಡಿದೆ. ನನ್ನ ಕನ್ನಡಕ ಅಷ್ಟು ದೂರಕ್ಕೆ ಕೆಲಸ ಮಾಡುವುದಿಲ್ಲ.

ಈಗ ಅರಸೀಕೆರೆಗೆ ಬಂದು ತಿಂಗಳುಗಳಾದವು. ಮೊನ್ನೆ ಎದುರುಮನೆಯಾಕೆ, “ಮೊಮ್ಮಗಳ ಡಾಕ್ಟರಿಕೆ ಮುಗೀತಾ?” ಎಂದು ಕೇಳಿದರು. ಡಾಕ್ಟರಿಕೆ ಅಲ್ಲ ಎಂದೆ. ಮತ್ತೇನು ಎಂದರು. ಒಳಗೆ ಕರೆದು, ಕೂರಿಸಿ, ಸೀರೆ ಮಂಡಿಯವರೆಗೆ ಎತ್ತಿ, ಗಾಯದ ಗೆರೆ ತೋರಿಸಿ ಶುರುಮಾಡಿದೆ. ತೊಡೆಯ ಮೂಳೆಯ ತುದಿಗೆ ಕೋಬಾಲ್ಟ್ ಕ್ರೋಮಿಯಂ ಟೋಪಿ, ಕೆಳಗಿನ ಮೂಳೆಗೆ ಟೈಟೇನಿಯಂ ತಟ್ಟೆ, ನಡುವೆ ಗಟ್ಟಿ ಪ್ಲಾಸ್ಟಿಕ್ಕು. ಪಾಪ, ಅವರು ಮೊಸರಿಗೆ ಹೆಪ್ಪು ಕೇಳಲು ಬಂದಿದ್ದವರು.

ಜನವರಿಯ ಮೊದಲ ವಾರ ಪುಟ್ಟಿಯ ಕರೆ ಬಂತು. ಅದೇ ಪಾಠ ಮತ್ತೆ ಶುರುವಾಗಿದೆ. ಈ ಸಲ ಮೊದಲನೇ ಸಾಲಿನಲ್ಲಿ ಕೂರುತ್ತಾಳಂತೆ.

“ತಲೆಗೆ ಹೋಗ್ತಿದೆಯಾ?” ಎಂದೆ.

“ಹೋಗ್ತಿದೆ ಅಜ್ಜಿ. ದಪ್ಪ ಕೊಳವೆಯಲ್ಲಲ್ಲ, ಸಣ್ಣದರಲ್ಲಿ,” ಎಂದಳು.